ಹಳೇ ಇ-ರೀಡರ್: ಬ್ಯಾಟ್ರಿ ಹಾಕಿಸಬೇಕಾ, ಹೊಸದೇ ತಗೋಬೇಕಾ?

ಪ್ರಶ್ನೆ, ಕಲಬುರಗಿ:
ಪುಸ್ತಕ ಓದೋ ಮಷಿನ್, ಹಳೇ ಕಿಂಡಲ್ ಪೇಪರ್‌ವೈಟ್ ರೀ. 40 ಪರ್ಸೆಂಟ್ ತೋರಿಸ್ತಿರ್ತದ, ಒಮ್ಮೆಲೇ ಆಫ್ ಆಗ್ತದ. ಡಿಸ್‌ಪ್ಲೇ ಛಲೋ ಅದ. ಬ್ಯಾಟ್ರಿ ಬದಲಿಸಿದ್ರ ಬಾಳ್ತದೇನು?

ಉತ್ತರ, ಬೀದರ್:
ಬಾಳ್ತದ್ರಿ, ಎಸೀಬ್ಯಾಡ್ರಿ. ಕಾಗದದಂಗ ಕಾಣೋ ಇ-ಇಂಕ್ ಡಿಸ್‌ಪ್ಲೇ ಪುಟ ಬದಲಾದಾಗಷ್ಟೇ ಕರೆಂಟ್ ಎಳೀತದ. ಮೊದಲು ಸವೆಯೋದು ಬ್ಯಾಟ್ರಿನೇ. ಹಳೇದಾದಂಗ ಅದರೊಳಗಿನ ರೋಧ ಹೆಚ್ಚಾಗ್ತದ. ವೈಫೈ ಶುರುವಾದ ಕೂಡ್ಲೇ ವೋಲ್ಟೇಜ್ ಕುಸೀತದ, ಮಷಿನ್ ಬಂದ್. ಬಿಚ್ಚೋ ಮೊದ್ಲು ಬ್ಯಾರೆ ಕೇಬಲ್, 5 ವೋಲ್ಟ್ 1 ಆಂಪ್ ಅಡಾಪ್ಟರ್ ಹಾಕಿ ನೋಡ್ರಿ. ಚಾರ್ಜ್ ಬರೇ ಲಗೂನ ಇಳೀತಿದ್ರ, ಹೊಸದಾಗಿ ಹಾಕಿದ ಪುಸ್ತಕಗಳ ಇಂಡೆಕ್ಸಿಂಗ್ (ಹುಡುಕೋಕ ಪದಗಳ ಪಟ್ಟಿ ಮಾಡ್ಕೊಳ್ಳೋದು) ಮುಗಿದದೇನು ನೋಡ್ರಿ. ಕೆಟ್ಟ ಫೈಲ್ ಒಂದಿದ್ರೂ ಅದು ಅಲ್ಲೇ ಸಿಕ್ಕೊಂಡು ಬ್ಯಾಟ್ರಿ ತಿಂತದ.

ಉತ್ತರ, ಕಲಬುರಗಿ, ಮೊಬೈಲ್ ರಿಪೇರಿ:
ಮೊದಲಿನ ಪೇಪರ್‌ವೈಟ್‌ಗಳಾಗ ಮುಂದಿನ ಚೌಕಟ್ಟಿಗೆ ಅಂಟು ಇರ್ತದ. ಹೇರ್ ಡ್ರೈಯರ್‌ಲೆ ಅಂಚು ಉಗುರುಬೆಚ್ಚಗ ಮಾಡಿ ಪ್ಲಾಸ್ಟಿಕ್ ಪಿಕ್ (ಸಂದಿನಾಗ ತೂರಿಸೋ ತೆಳು ತುಂಡು) ಹಾಕ್ರಿ. ಕಬ್ಬಿಣದ ಸ್ಕ್ರೂಡ್ರೈವರ್ ಬ್ಯಾಡ. ಡಿಸ್‌ಪ್ಲೇದಾಗ ತೆಳು ಗಾಜದ, ಒಂದು ಮೂಲಿ ಒತ್ತಿದ್ರ ಸೀಳ್ತದ, ಆಮ್ಯಾಲೆ ರಿಪೇರಿಗೆ ಅರ್ಥನೇ ಇಲ್ಲ. ಚೌಕಟ್ಟಿನ ಕೆಳಗಿನ ಸ್ಕ್ರೂ ಬಿಚ್ಚಿ, ಮೊದ್ಲು ಬ್ಯಾಟ್ರಿ ಕನೆಕ್ಟರ್ ತೆಗೀರಿ. 2018ರ ವಾಟರ್‌ಪ್ರೂಫ್ ಮಾಡೆಲ್ ಬಿಚ್ಚೋದು ಕಠಿಣ. ಬಿಚ್ಚಿದ ಮ್ಯಾಲೆ ನೀರು ತಡೀತದಂತ ನಂಬಬ್ಯಾಡ್ರಿ.

ಹೊಸ ಬ್ಯಾಟ್ರಿ ಹಳೇದರ ಪಾರ್ಟ್ ನಂಬರ್‌ಗೇ ಹೊಂದಬೇಕು. ಬರೇ 3.7 ವೋಲ್ಟ್ ಅಂತ ತರಬ್ಯಾಡ್ರಿ. ಬಿಡಿ ಸೆಲ್ ಮ್ಯಾಲೆ 305070 ಅಂತಿದ್ರ 3 ಮಿ.ಮೀ. ದಪ್ಪ, 50 ಅಗಲ, 70 ಉದ್ದ. ಕೆಂಪು-ಕಪ್ಪು ವೈರಿನ ಜಾಗ ಒಮ್ಮೊಮ್ಮೆ ಅದಲುಬದಲಾಗಿ ಬರ್ತದ, ಮಲ್ಟಿಮೀಟರ್ ಹಚ್ಚದೇ ಕನೆಕ್ಟರ್ ಚುಚ್ಚಬ್ಯಾಡ್ರಿ. ಉಲ್ಟಾ ಆದ್ರ ಬೋರ್ಡೇ ಹೋಗ್ತದ. ಮೂರನೇ ವೈರ್ ಇದ್ರ ಸಾಮಾನ್ಯವಾಗಿ ಬಿಸಿ ಅಳೆಯೋದು, ಅದನ್ನ ಬಿಟ್ರ ಚಾರ್ಜೇ ತಗೋಳಂಗಿಲ್ಲ.

ಉತ್ತರ, ಯಾದಗಿರಿ:
ನಮ್ಮ ಕಡಿ ಬ್ಯಾಸಿಗ್ಯಾಗ 42 ಡಿಗ್ರಿ ದಾಟ್ತದ. ಲಿಥಿಯಂ ಬ್ಯಾಟ್ರಿ 45ರ ಮ್ಯಾಲೆ ಚಾರ್ಜ್ ಮಾಡಬಾರದು. ಮಧ್ಯಾಹ್ನ ಬಿಟ್ಟು ಬೆಳಗ್ಗೆ ಹಚ್ರಿ. ಕಾರಿನಾಗ, ಪತ್ರಾಸಿನ ಕೆಳಗ ಇಡಲೇಬ್ಯಾಡ್ರಿ. ತಿಂಗಳಗಟ್ಲೆ ಓದಂಗಿಲ್ಲಂದ್ರ ಅರ್ಧ ಚಾರ್ಜ್‌ನ್ಯಾಗ ಪೂರ್ತಿ ಆಫ್ ಮಾಡಿ, ತಂಪು ಕೋಣ್ಯಾಗಿಡ್ರಿ.

ಉತ್ತರ, ಬೀದರ್:
ಹೊಸದು ತಗೊಳ್ಳೋರು ಒಂಚೂರು ಕಾಯ್ದ್ರೂ ನಡೀತದ. ಪೋರ್ಟಬಲ್ ಬ್ಯಾಟ್ರಿ ಬಳಸೋರೇ ಬದಲಿಸೋ ಹಂಗಿರಬೇಕು ಅನ್ನೋ ಯುರೋಪ್ ಒಕ್ಕೂಟದ ನಿಯಮ 2027ರ ಫೆಬ್ರವರಿ 18ಕ್ಕ ಜಾರಿಗೆ ಬರ್ತದ.

ಪ್ರಶ್ನೆ, ಕಲಬುರಗಿ:
ಹಿಂಭಾಗ ಉಬ್ಬಿದಂಗ ಕಾಣ್ತದ. ಅಂಗಡಿಗೆ ಒಯ್ಯೋತನಕ ಚಾರ್ಜ್ ಮಾಡ್ಲಾ?

ಉತ್ತರ, ಕಲಬುರಗಿ, ಮೊಬೈಲ್ ರಿಪೇರಿ:
ಮಾಡ್ಲೇಬ್ಯಾಡ್ರಿ. ಒಳಗ ಗ್ಯಾಸ್ ತುಂಬ್ಯದ, ಹಿಂದಿನಿಂದ ಡಿಸ್‌ಪ್ಲೇನೂ ಒತ್ತತದ. ಆಫ್ ಮಾಡಿ, ಸುಡೋ ಸಾಮಾನಿಂದ ದೂರ ಇಟ್ಟು, ಇವತ್ತೇ ತರ್ರಿ. ನೀವೇ ಬಿಚ್ಚಬ್ಯಾಡ್ರಿ, ಉಬ್ಬಿದ ಸೆಲ್‌ಗೆ ಪಿಕ್ ತಾಗಿ ತೂತಾದ್ರ ಬೆಂಕಿ ಹತ್ತತದ. ತೆಗೆದ ಮ್ಯಾಲೆ ಅದರ ತುದಿಗೆ ಟೇಪ್ ಸುತ್ತಿ ಇ-ವೇಸ್ಟ್ ತಗೊಳ್ಳೋರಿಗೆ ಕೊಡ್ರಿ, ಕಸದ ಗಾಡಿಗೆ ಹಾಕಬ್ಯಾಡ್ರಿ.