ಎಂಜಿಬಿ ಮುಂದಿನ ಶಾಕ್: ಎಣ್ಣೆ ತುಂಬಿದರೂ ಮತ್ತೆ ಸೋರುತ್ತಿದೆ

ಪ್ರಶ್ನೆ:
ನನ್ನದು 1972ರ ಎಂಜಿಬಿ, ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಮುಂದೆ ಬಲಗಡೆಯ ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಒಸರುತ್ತಿದೆ. ಗುಂಡಿಗೆ ಇಳಿದೆದ್ದರೆ ಆ ಮೂಲೆ ಮೂರ್ನಾಲ್ಕು ಸಲ ತೂಗಾಡುತ್ತದೆ. ಮೇಲಿನ ಪ್ಲಗ್ ಬಿಚ್ಚಿ ಎಣ್ಣೆ ತುಂಬಿದೆ. ಎರಡು ವಾರ ಸರಿ ಇತ್ತು, ಈಗ ಮತ್ತೆ ಅದೇ ಕಥೆ. ವೇಗದಲ್ಲಿ ಸ್ಟಿಯರಿಂಗ್ ಕೂಡ ಸ್ವಲ್ಪ ಅಲೆಯುತ್ತದೆ. ನಾಲ್ಕೇ ಬೋಲ್ಟ್ ಕಾಣುತ್ತಿವೆ. ಬಿಚ್ಚಿ ಮನೆಯಲ್ಲೇ ಸರಿಮಾಡಬಹುದಾ? ಇನ್ನೂ ಗಟ್ಟಿ ಎಣ್ಣೆ ಹಾಕಿದರೆ ಸಾಕಾಗುತ್ತದಾ?

ಉತ್ತರ:
ಸರ್, ಆ ನಾಲ್ಕು ಬೋಲ್ಟ್‌ಗೆ ಈಗಲೇ ಸ್ಪ್ಯಾನರ್ ಹಾಕಬೇಡಿ. ಎಂಜಿಬಿಯಲ್ಲಿ ಮುಂದಿನ ಶಾಕ್ ಬರೀ ಶಾಕ್ ಅಲ್ಲ. ಅದರಿಂದ ಹೊರಚಾಚಿದ ತೋಳೇ ಚಕ್ರವನ್ನು ಮೇಲುಗಡೆ ಹಿಡಿದಿರುವ ಸಸ್ಪೆನ್ಷನ್‌ನ ಮೇಲಿನ ಕೈ. ಕೆಳಗೆ ಅದುಮಿ ಕೂತಿರುವ ಸ್ಪ್ರಿಂಗ್‌ನ ಬಲವನ್ನು ತಡೆದಿರುವುದರಲ್ಲಿ ಅದೂ ಒಂದು. ಆಧಾರ ಕೊಡದೆ ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಕೈಕಾಲು ಹೋಗುತ್ತದೆ. ಹೆದರಿಸಲು ಹೇಳುತ್ತಿಲ್ಲ, ನಿಜವಾಗಿ ಹಾಗೇ ಆಗುತ್ತದೆ.

ಮೊದಲು ಕಾರನ್ನು ಎತ್ತಿ ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಡಿ, ಚಕ್ರ ತೆಗೆಯಿರಿ. ಕೆಳಗಿನ ಕೈಯ ಹೊರತುದಿಯ ಅಡಿಗೆ ಜಾಕ್ ಇಟ್ಟು, ಶಾಕ್‌ನ ತೋಳು ಅದರಡಿಯ ಸಣ್ಣ ರಬ್ಬರ್ ಬಂಪರ್‌ನಿಂದ ಮೇಲೇಳುವ ತನಕ ಎತ್ತಿ. ಕೆಲಸ ಮುಗಿಯುವವರೆಗೂ ಆ ಜಾಕ್ ಅಲ್ಲೇ ಇರಬೇಕು. ಆಮೇಲೆ ತೋಳಿನ ತುದಿಯ ಸ್ಪ್ಲಿಟ್ ಪಿನ್, ನಟ್, ಉದ್ದ ಪಿನ್ ತೆಗೆಯಿರಿ. ಚಕ್ರ ಕೂರುವ ಹಬ್ ಅನ್ನು ತಂತಿಯಿಂದ ಮೇಲಕ್ಕೆ ಕಟ್ಟಿ, ಇಲ್ಲದಿದ್ದರೆ ಅದರ ಭಾರ ಬ್ರೇಕ್ ಹೋಸ್ ಮೇಲೆ ಬೀಳುತ್ತದೆ. ಕೊನೆಗೆ ಆ ನಾಲ್ಕು ಬೋಲ್ಟ್. ಹಿಂದಿನ ಶಾಕ್‌ಗಾದರೆ ಇಷ್ಟೆಲ್ಲ ಇಲ್ಲ, ಎರಡು ಬೋಲ್ಟ್ ಮತ್ತು ಒಂದು ಲಿಂಕ್ ಅಷ್ಟೇ.

ಕೈಗೆ ಬಂದ ಮೇಲೆ ತೋಳು ಹಿಡಿದು ಮೇಲೆ ಕೆಳಗೆ ಅಲ್ಲ, ಅಡ್ಡಕ್ಕೆ ಅಲ್ಲಾಡಿಸಿ ನೋಡಿ.

ಪ್ರಶ್ನೆ ಕೇಳಿದವರು:
ಬಿಚ್ಚಿದೆ. ಅಡ್ಡಕ್ಕೆ ಚೆನ್ನಾಗಿಯೇ ಅಲ್ಲಾಡುತ್ತದೆ. ಮೇಲೆ ಕೆಳಗೆ ಮಾಡಿದರೆ ಮೊದಲು ಸುಮ್ನೆ ಜಾರುತ್ತದೆ, ಆಮೇಲೆ ಹಿಡಿಯುತ್ತದೆ.

ಉತ್ತರ:
ಹಾಗಿದ್ದರೆ ಎರಡು ವಿಷಯ ಒಟ್ಟಿಗೆ ಇದೆ. ಜಾರುವುದು ಎಣ್ಣೆ ಕಡಿಮೆಯಾಗಿ ಒಳಗೆ ಗಾಳಿ ಸೇರಿರುವುದರಿಂದ. ಅಡ್ಡಕ್ಕೆ ಅಲ್ಲಾಡುವುದು ತೋಳು ಕೂತಿರುವ ಶಾಫ್ಟ್ ತಿರುಗುವ ಜಾಗ ಸವೆದಿರುವುದರಿಂದ. ಶಾಫ್ಟ್ ಕುಣಿಯುತ್ತಿದ್ದರೆ ಯಾವ ಸೀಲೂ ಎಣ್ಣೆ ತಡೆಯುವುದಿಲ್ಲ. ನೀವು ತುಂಬಿದ್ದು ಎರಡೇ ವಾರಕ್ಕೆ ಹೋಗಿದ್ದು ಅದಕ್ಕೇ. ಸ್ಟಿಯರಿಂಗ್ ಅಲೆಯುವುದಕ್ಕೂ ಇದೇ ಕಾರಣ ಇರಬಹುದು. ಮೇಲಿನ ಕೈ ಸಡಿಲಾದರೆ ಚಕ್ರದ ವಾಲು ಬದಲಾಗುತ್ತಲೇ ಇರುತ್ತದೆ ಅಲ್ವಾ?

ಗಟ್ಟಿ ಎಣ್ಣೆಯಿಂದ ಸೋರುವುದು ಸ್ವಲ್ಪ ನಿಧಾನವಾಗಬಹುದು, ಸವೆತ ಮಾತ್ರ ಹಾಗೇ ಉಳಿಯುತ್ತದೆ. ಸವಾರಿ ಒರಟಾಗುವುದೊಂದು ಜಾಸ್ತಿ. ಇದಕ್ಕೆ ಲೇತ್ ಕೆಲಸ ಬೇಕು. ಬಾಡಿಯನ್ನು ಬೋರ್ ಮಾಡಿ ಬುಷ್ ಕೂರಿಸಿ, ಶಾಫ್ಟ್ ಸವೆದಿದ್ದರೆ ಅದನ್ನೂ ಸರಿಮಾಡಿ, ಹೊಸ ಸೀಲ್ ಹಾಕಬೇಕು. ತೋಳನ್ನು ಶಾಫ್ಟ್‌ನಿಂದ ಬಿಡಿಸಿ ಅದೇ ಕೋನಕ್ಕೆ ಮತ್ತೆ ಕೂರಿಸುವುದು ಪ್ರೆಸ್ ಇರುವವರ ಕೆಲಸ. ಇಂಥ ಹಳೆಯ ಲಿವರ್ ಶಾಕ್ ರಿಪೇರಿ ಮಾಡಿ ಗೊತ್ತಿರುವವರಿಗೇ ಕೊಡಿ. ಎಡಗಡೆಯದನ್ನೂ ಜೊತೆಗೇ ಕೊಡಿ.

ಒಂದು ಮಾತು. ಇದರ ಬದಲು ಟೆಲಿಸ್ಕೋಪಿಕ್ (ಕೊಳವೆಯಂಥ) ಶಾಕ್‌ನ ಕಿಟ್ ಹಾಕಿ ಅಂತ ಯಾರಾದರೂ ಹೇಳುತ್ತಾರೆ. ಮುಂದುಗಡೆಯ ಎಷ್ಟೋ ಕಿಟ್‌ಗಳಲ್ಲಿ ಹಳೆಯ ಶಾಕ್ ಬಾಡಿ ಮೇಲಿನ ಕೈಯಾಗಿ ಅಲ್ಲೇ ಉಳಿಯುತ್ತದೆ. ಅಂದರೆ ಸವೆದ ಶಾಫ್ಟೂ ಉಳಿಯುತ್ತದೆ.

ಪ್ರಶ್ನೆ ಕೇಳಿದವರು:
ಎರಡನ್ನೂ ಕೊಟ್ಟೆ ಸರ್. ವಾಪಸ್ ಬಂದ ಮೇಲೆ ಎಣ್ಣೆ, ಜೋಡಣೆ ಹೇಗೆ?

ಉತ್ತರ:
ಅವರು ತುಂಬಿಯೇ ಕೊಟ್ಟಿದ್ದರೂ ಒಮ್ಮೆ ಪರೀಕ್ಷಿಸಿ. ವೈಸ್‌ನಲ್ಲಿ ನೆಟ್ಟಗೆ ಹಿಡಿಸಿ. ಪ್ಲಗ್ ಸುತ್ತ ಚೆನ್ನಾಗಿ ಒರೆಸಿದ ಮೇಲೇ ಬಿಚ್ಚಿ, ಒಂದು ಕಣ ಮರಳು ಒಳಗೆ ಬಿದ್ದರೂ ವಾಲ್ವ್ ಕೆಡುತ್ತದೆ. ಶಾಕ್ ಎಣ್ಣೆ ಸಿಗದಿದ್ದರೆ ಬೈಕ್ ಫೋರ್ಕ್ ಎಣ್ಣೆ, 20 ಗ್ರೇಡ್, ಆಗುತ್ತದೆ. ಬ್ರೇಕ್ ಎಣ್ಣೆ ಮಾತ್ರ ಬೇಡ. ತೋಳನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಆಡಿಸುತ್ತಾ ತುಂಬುತ್ತಾ ಹೋಗಿ. ಎಲ್ಲೂ ಜಾರದೆ ಒಂದೇ ಸಮ ತಡೆ ಸಿಕ್ಕರೆ ಗಾಳಿ ಹೋಗಿದೆ ಅಂತ. ಪ್ಲಗ್‌ನ ಥ್ರೆಡ್‌ಗಿಂತ ಕೆಳಗೇ ನಿಲ್ಲಿಸಿ, ಎಣ್ಣೆ ಬಿಸಿಯಾಗಿ ಹಿಗ್ಗಲು ಜಾಗ ಬೇಕು. ಆಮೇಲೆ ಅದನ್ನು ಅಡ್ಡ ಮಲಗಿಸಬೇಡಿ, ಮತ್ತೆ ಗಾಳಿ ಸೇರುತ್ತದೆ.

ತೋಳಿನ ತುದಿಯ ರಬ್ಬರ್ ಬುಷ್‌ಗಳನ್ನು ಹೊಸದು ಹಾಕಿಬಿಡಿ. ಆ ಪಿನ್ನಿನ ನಟ್ಟನ್ನು ಪೂರ್ತಿ ಬಿಗಿಯುವುದು ಕಾರಿನ ಭಾರ ಚಕ್ರದ ಮೇಲೆ ಬಂದ ನಂತರ. ಚಕ್ರ ತೂಗುತ್ತಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಸ್ಪ್ಲಿಟ್ ಪಿನ್ ಹೊಸದೇ ಇರಲಿ.