ಮನೆಯಲ್ಲೇ ಕಾರಿನ ಫ್ಯೂಯಲ್ ಪಂಪ್ ಬದಲಿಸಿದವರು ಅನುಭವ ತಿಳಿಸಿ

ತುಮಕೂರು (ಪ್ರಶ್ನೆ): ನನ್ನದು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆಯೇ ಹೊರತು ಬೇಗನೆ ಸ್ಟಾರ್ಟ್ ಆಗುವುದಿಲ್ಲ. ಬಿಸಿಲಿನಲ್ಲಿ ಒಂದು ಗಂಟೆ ಓಡಿಸಿದರೆ ಏರಿನಲ್ಲಿ ಎಳೆತ ಬಿದ್ದುಹೋಗುತ್ತದೆ. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಫ್ಯೂಯಲ್ ಪಂಪ್ ಹೋಗಿದೆ ಎಂದು ಗ್ಯಾರೇಜಿನವರು 9,500 ರೂಪಾಯಿ ಕೇಳುತ್ತಿದ್ದಾರೆ. ಹಿಂದಿನ ಸೀಟಿನ ಕೆಳಗೆ ಪಂಪಿನ ಮುಚ್ಚಳವಿರುವುದರಿಂದ ಟ್ಯಾಂಕ್ ಇಳಿಸಬೇಕಾಗಿಲ್ಲ. ಸ್ವತಃ ಬದಲಿಸಿದವರು ಖರ್ಚನ್ನೂ ತೊಂದರೆಯನ್ನೂ ಬಿಡಿಸಿ ಬರೆದರೆ ಉಪಕಾರವಾಗುತ್ತದೆ.

ಹಾಸನ: ಧಾರಾಳವಾಗಿ ಮಾಡಿ. ಮೋಟರು, ಜಾಲರಿ, ಫ್ಲೋಟು ಎಲ್ಲ ಸೇರಿದ ಇಡೀ ಪಂಪ್ ಅಸೆಂಬ್ಲಿಗೆ ನನಗೂ 7,800 ರೂಪಾಯಿ ಹೇಳಿದ್ದರು. ನಾನು ಒಳಗಿನ ಮೋಟರನ್ನಷ್ಟೇ ಬದಲಿಸಿದೆ. ಮೋಟರಿಗೆ 1,450, ತಳದ ಜಾಲರಿಗೆ 180, ರಬ್ಬರ್ ಸೀಲಿಗೆ 140, ಕ್ಲಿಪ್ಪುಗಳಿಗೆ 60, ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿಬಂದ ಬಸ್ ಚಾರ್ಜು ಬೇರೆ. ಮುಚ್ಚಳ ತೆಗೆದಾಗ ಪಂಪಿನ ಸುತ್ತ ವರ್ಷಗಟ್ಟಲೆ ಕೂತ ಕೆಂಧೂಳು ಬೆರಳು ದಪ್ಪ ಗಟ್ಟಿಯಾಗಿತ್ತು. ಅದನ್ನು ಬ್ರಷ್ಷಿನಲ್ಲಿ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆಯೇ ಪಂಪನ್ನು ಟ್ಯಾಂಕಿಗೆ ಬಿಗಿದಿಡುವ ಲಾಕ್ ರಿಂಗ್ ಮುಟ್ಟಿದೆ. ಇಲ್ಲದಿದ್ದರೆ ಅಷ್ಟೂ ಮಣ್ಣು ಟ್ಯಾಂಕಿಗೆ ಬಿದ್ದು ಹೊಸ ಜಾಲರಿಯೇ ಕಟ್ಟಿಕೊಳ್ಳುತ್ತಿತ್ತು. ರಿಂಗನ್ನು ಮರದ ತುಂಡು ಕೊಟ್ಟು ಮೆಲ್ಲಗೆ ತಟ್ಟಿ ತಿರುಗಿಸಿದೆ. ಮೋಟರಿನಿಂದ ಮೇಲಕ್ಕೆ ಹೋಗುವ ಸುಕ್ಕುಸುಕ್ಕಾದ ನೈಲಾನ್ ಪೈಪು ಮಾತ್ರ ಕೂರಲು ಒಪ್ಪಲೇ ಇಲ್ಲ. ಕೊನೆಗೆ ಪೈಪಿನ ತುದಿಯನ್ನು ಕುದಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ಕೂರಿಸಿದೆ. ಅಸೆಂಬ್ಲಿಯನ್ನು ಓರೆ ಮಾಡಿ ಹೊರತೆಗೆಯಬೇಕು, ಪೆಟ್ರೋಲಿನಲ್ಲಿ ತೇಲುವ ಫ್ಲೋಟಿನ ಕಡ್ಡಿ ಸೊಟ್ಟಗಾದರೆ ಡ್ಯಾಶ್‌ಬೋರ್ಡಿನ ಪೆಟ್ರೋಲ್ ಮುಳ್ಳನ್ನು ಮತ್ತೆ ನಂಬುವಂತಿಲ್ಲ. ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನು ಮೊದಲೇ ಬಕೆಟ್ಟಿಗೆ ತೆಗೆದುಕೊಂಡಿದ್ದೆ. ಈಗ ನಾಲ್ಕು ಜನ ಕೂತರೂ ಕಾರು ಶಿರಾಡಿ ಘಾಟಿಯನ್ನು ನಿರಾಯಾಸವಾಗಿ ಹತ್ತುತ್ತದೆ.

ಹುಬ್ಬಳ್ಳಿ: ಮೋಟರನ್ನಷ್ಟೇ ಬದಲಿಸಿ ಎಂಬ ಹಾಸನದವರ ಸಲಹೆಯನ್ನು ನಾನು ಖಂಡಿತ ಒಪ್ಪಲಾರೆ. ನನಗೂ ಒಬ್ಬ ಮೆಕ್ಯಾನಿಕ್ ಇದನ್ನೇ ಹೇಳಿ, ಲೇಬರ್ ಸೇರಿಸಿ 2,300 ರೂಪಾಯಿ ತೆಗೆದುಕೊಂಡರು. ಬೆಳಗಿನ ತೊಂದರೆ ಹಾಗೆಯೇ ಉಳಿಯಿತು, ಏಕೆಂದರೆ ಅದೇ ಅಸೆಂಬ್ಲಿಯಲ್ಲಿರುವ ಪೆಟ್ರೋಲಿನ ಒತ್ತಡವನ್ನು ಹದದಲ್ಲಿಡುವ ಪ್ರೆಷರ್ ರೆಗ್ಯುಲೇಟರ್ ಸೋರುತ್ತಿತ್ತು; ರಾತ್ರಿಯೆಲ್ಲ ಪೈಪಿನ ಒತ್ತಡ ಇಳಿದುಹೋಗಿ, ಬೆಳಿಗ್ಗೆ ಅದು ಮತ್ತೆ ತುಂಬುವವರೆಗೆ ಸೆಲ್ಫ್ ಹೊಡೆಯುತ್ತಲೇ ಇರಬೇಕಾಗಿತ್ತು. ಆಮೇಲೆ ಆನ್‌ಲೈನಿನಲ್ಲಿ 4,100 ರೂಪಾಯಿಗೆ ಪೂರ್ತಿ ಅಸೆಂಬ್ಲಿ ತರಿಸಿ ನಾನೇ ಹಾಕಿದೆ. ಡಬ್ಬಿ, ಹಾಲೋಗ್ರಾಂ, ಪಾರ್ಟ್ ನಂಬರ್ ಎಲ್ಲವೂ ಕಂಪನಿಯದರಂತೆಯೇ ಇದ್ದವು. ಅದು ಕಿತ್ತೂರಿನ ಹತ್ತಿರ ಹೆದ್ದಾರಿಯಲ್ಲಿ, ಹೆಂಡತಿ ಮಕ್ಕಳು ಜೊತೆಗಿರುವಾಗ, ನಡುಮಧ್ಯಾಹ್ನ ಕೈಕೊಟ್ಟಿತು. ಧಾರವಾಡದವರೆಗೆ ಟೋಯಿಂಗಿಗೆ 3,500. ವಾಪಸು ಮಾಡುವ ಗಡುವು ಮುಗಿದಿದೆ ಎಂದು ಮಾರಿದವರು ಒಂದು ಪೈಸೆಯನ್ನೂ ಹಿಂದಿರುಗಿಸಲಿಲ್ಲ. ಕೊನೆಗೆ ಡೀಲರ್ ಕೌಂಟರಿನಲ್ಲಿ ಬಿಲ್ ಸಮೇತ 8,240 ಕೊಟ್ಟು ಅಸಲಿ ಅಸೆಂಬ್ಲಿ ತಂದೆ. ಒಟ್ಟು 18,140 ರೂಪಾಯಿ. ಮೊದಲೇ ಅಸಲಿಯದನ್ನು ಹಾಕಿದ್ದರೆ ಅರ್ಧಕ್ಕಿಂತ ಹೆಚ್ಚು ಹಣ ಉಳಿಯುತ್ತಿತ್ತು. ಅಗ್ಗದ ದಾರಿ ತೋರಿಸುವವರು ದಯವಿಟ್ಟು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಹಾಸನ: ಹುಬ್ಬಳ್ಳಿಯವರೇ, ನಕಲಿ ಮಾಲು ಮಾರಿದವರ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಬೇಡಿ. ಅನೇಕ ಕಾರುಗಳಿಗೆ ರೆಗ್ಯುಲೇಟರ್ ಕೂಡ ಬಿಡಿಯಾಗಿ ಸಿಗುತ್ತದೆ. ನಿಮ್ಮ ಮೆಕ್ಯಾನಿಕ್ ಅದನ್ನು ಪರೀಕ್ಷಿಸದೆ ಮೋಟರ್ ಹಾಕಿದರೆ ಅದು ಮೋಟರಿನ ದೋಷವಲ್ಲ.

ಶಿವಮೊಗ್ಗ: ದುಡ್ಡಿನ ಲೆಕ್ಕ ಆಮೇಲೆ ಮಾಡೋಣ. ಪೆಟ್ರೋಲನ್ನು ಬಕೆಟ್ಟಿಗೆ ತೆಗೆದೆ ಎಂದು ಇಲ್ಲಿ ಬರೆದಿರುವುದನ್ನು ಓದಿ ನನ್ನ ಎದೆ ಝಲ್ಲೆಂದಿತು. ಸ್ವಾಮಿ, ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲಕ್ಕೆ ಹೋಗದೆ ನೆಲದ ಮೇಲೆ ಹರಡಿ, ಮೂಲೆಯಲ್ಲಿರುವ ಇನ್ವರ್ಟರ್, ಫ್ರಿಜ್ಜು, ದೇವರ ಮುಂದಿನ ದೀಪದವರೆಗೂ ಹೋಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ಥಿರ ವಿದ್ಯುತ್ತಿನ ಕಿಡಿ ಹಾರುವ ಅಪಾಯ ಬೇರೆ. ನಾನು ಈ ಕೆಲಸ ಮಾಡಿದ್ದು ಬಯಲಿನಲ್ಲಿ, ನಾಲ್ಕೂ ಬಾಗಿಲು ತೆರೆದಿಟ್ಟು, ಟ್ಯಾಂಕ್ ಕಾಲುಭಾಗಕ್ಕಿಂತ ಕಡಿಮೆಯಿರುವಾಗ. ಮೊದಲು ಪಂಪಿಗೆ ಕರೆಂಟು ಹರಿಸುವ ಸ್ವಿಚ್ಚಾದ ರಿಲೇ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪೈಪಿನ ಒತ್ತಡ ಇಳಿಸಿದೆ. ನಂತರ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದೆ. ಪೌಡರ್ ತುಂಬಿದ ಅಗ್ನಿಶಾಮಕ ಸಿಲಿಂಡರಿಗೆ 1,100 ರೂಪಾಯಿ ಕೊಟ್ಟೆ. ಈ ಖರ್ಚನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ.

ಹಾಸನ: ನಾನೂ ಬಯಲಿನಲ್ಲೇ ಮಾಡಿದ್ದು, ಬಕೆಟ್ಟು ಕಬ್ಬಿಣದ್ದು. ಕೇಳಿಕೊಂಡು ಬೈಯುವುದು ಒಳ್ಳೆಯದು.

ಶಿವಮೊಗ್ಗ: ಕಬ್ಬಿಣದ್ದಾದರೂ ತೆರೆದ ಬಾಯಿಯ ಬಕೆಟ್ಟೇ ಅಲ್ಲವೇ? ಆವಿಗೆ ಅಷ್ಟು ಸಾಕು. ಬಿಗಿ ಮುಚ್ಚಳದ ಲೋಹದ ಕ್ಯಾನ್ ಬೇಕು. ಈ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ.

ಮಂಗಳೂರು: ಪಂಪ್ ಏಕೆ ಹೋಗುತ್ತದೆ ಎಂಬುದನ್ನು ಯಾರೂ ಕೇಳುತ್ತಿಲ್ಲ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಈಗ ಬಹುತೇಕ ಬಂಕುಗಳಲ್ಲಿ ಬೇರೆ ಆಯ್ಕೆಯೇ ಸಿಗುತ್ತಿಲ್ಲ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನಮ್ಮ ಕರಾವಳಿಯ ಗಾಳಿಯಲ್ಲಂತೂ ಕೇಳುವುದೇ ಬೇಡ. ಹಳೆಯ ಕಾರುಗಳ ಸೀಲುಗಳನ್ನು ಇಷ್ಟೊಂದು ಎಥನಾಲಿಗೆಂದು ಮಾಡಿರಲಿಲ್ಲ. ನನ್ನ ಕಾರಿನಿಂದ ತೆಗೆದ ಪಂಪಿನ ಸೀಲು ಊದಿಕೊಂಡು ತಾನು ಕೂರುವ ತೋಡಿನಿಂದ ಹೊರಬಂದಿತ್ತು, ಜಾಲರಿಯ ಮೇಲೆ ಕಂದು ಲೋಳೆ ಕಟ್ಟಿತ್ತು. 6,900 ರೂಪಾಯಿಯ ಅಸೆಂಬ್ಲಿ, 1,200 ಲೇಬರ್; ಇದಕ್ಕೆ ಪರಿಹಾರ ಕೊಡುವವರು ಯಾರು?

ಮಂಡ್ಯ: ನಾವು ಎಥನಾಲಿಗೆ ಹೋಗುವ ಕಬ್ಬು ಬೆಳೆಯುವವರು. ಕಾರು ಕೆಟ್ಟಾಗಲೆಲ್ಲ ಎಥನಾಲನ್ನು ಬೈಯುವುದು ಈಗ ರೂಢಿಯಾಗಿದೆ. ಟ್ಯಾಂಕಿನೊಳಗಿನ ಪಂಪಿಗೆ ಸುತ್ತಲಿನ ಪೆಟ್ರೋಲೇ ತಂಪು. ಸದಾ ರಿಸರ್ವಿನಲ್ಲಿ, ಇನ್ನೂರು ಮುನ್ನೂರು ರೂಪಾಯಿಗೆ ಹಾಕಿಸಿಕೊಂಡು ಓಡಿಸಿದರೆ ಯಾವ ಪೆಟ್ರೋಲಿನಲ್ಲೂ ಪಂಪ್ ಕಾದು ಸಾಯುತ್ತದೆ. ನನ್ನದು 2011ರ ಕಾರು, ಅರ್ಧ ಟ್ಯಾಂಕಿಗಿಂತ ಕೆಳಗಿಳಿಸುವುದಿಲ್ಲ, ಪಂಪ್ ಇನ್ನೂ ಮೊದಲಿನದೇ.

ಮಂಗಳೂರು: ನಾನೂ ಫುಲ್ ಟ್ಯಾಂಕ್ ಹಾಕಿಸುವವನೇ. ಸೀಲು ಊದಿದ್ದು ಶಾಖದಿಂದಲ್ಲ. ನಿಮ್ಮ ಕಬ್ಬಿಗೆ ಬೆಲೆ ಸಿಗಲಿ ಎಂದೇ ನನ್ನ ಹಾರೈಕೆ. ಆದರೆ ಅದರ ಹೊರೆಯನ್ನು ನನ್ನ ಹಳೆಯ ಕಾರು ಹೊರಬೇಕೆನ್ನುವುದು ನ್ಯಾಯವಲ್ಲ.

ಬೆಂಗಳೂರು: ಇಷ್ಟು ಜನ ಬರೆದರೂ ಪಂಪ್ ನಿಜವಾಗಿ ಹೋಗಿದೆಯೇ ಎಂದು ಯಾರೂ ಕೇಳಲಿಲ್ಲವೆಂಬುದು ಆಶ್ಚರ್ಯ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನಿಂದ ಎರಡು ಸೆಕೆಂಡು ಗುಂಯ್ ಎಂಬ ಸದ್ದು ಬರಬೇಕು. ಬರದಿದ್ದರೆ ಮೊದಲು ಫ್ಯೂಸು, ರಿಲೇ ನೋಡಿ; ಆಮೇಲೆ ಪಂಪಿನ ಕನೆಕ್ಟರಿನಲ್ಲಿ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡಿ. ನನಗೂ ಪಂಪ್ ಬದಲಿಸಲೇಬೇಕೆಂದು 11,000 ರೂಪಾಯಿಯ ಅಂದಾಜುಪಟ್ಟಿ ಕೊಟ್ಟಿದ್ದರು. ಕನೆಕ್ಟರಿಗೆ ಬರುತ್ತಿದ್ದದ್ದು 9 ವೋಲ್ಟ್ ಮಾತ್ರ. ಸೀಟಿನ ಕೆಳಗಿನ ಅರ್ತಿಂಗ್ ಬೋಲ್ಟು ತುಕ್ಕು ಹಿಡಿದಿತ್ತು. ಒಂದು ಹಾಳೆ ಸ್ಯಾಂಡ್‌ಪೇಪರಿನಲ್ಲಿ ಕೆಲಸ ಮುಗಿಯಿತು. ವೋಲ್ಟೇಜ್ ಸರಿಯಿದ್ದರೆ ಪ್ರೆಷರ್ ಗೇಜ್ ಹಾಕಿ, ಬಹುತೇಕ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಕಾರುಗಳಲ್ಲಿ 3 ಬಾರ್ ಆಸುಪಾಸು ಇರಬೇಕು. ಹೊಸ ಕಾರಿನವರು ಇದನ್ನು ಓದುತ್ತಿದ್ದರೆ ಮೊದಲು ರೀಕಾಲ್ ಪಟ್ಟಿ ನೋಡಿಕೊಳ್ಳಿ. 2020ರ ಜುಲೈನಲ್ಲಿ ಪಂಪಿನ ದೋಷಕ್ಕಾಗಿಯೇ 1,34,885 ವ್ಯಾಗನ್ ಆರ್ ಮತ್ತು ಬಲೆನೊ ಕಾರುಗಳನ್ನು ಕರೆಸಿಕೊಂಡು ಉಚಿತವಾಗಿ ಸರಿಪಡಿಸಿಕೊಡುವುದಾಗಿ ಮಾರುತಿ ಸುಜುಕಿ ಪ್ರಕಟಿಸಿತ್ತು.

ಹುಬ್ಬಳ್ಳಿ: ಗೇಜಿನ ಬೆಲೆಯನ್ನೂ ಬರೆಯಿರಿ. ನಾನು 1,900 ಕೊಟ್ಟೆ. ನನ್ನ ಕಾರಿನಲ್ಲಿ ಅದನ್ನು ಸಿಕ್ಕಿಸಲು ಜಾಗವೇ ಇರಲಿಲ್ಲ, ಪೈಪಿನ ನಡುವೆ ಗೇಜ್ ಸೇರಿಸುವ ಟೀ ಜೋಡಣೆಗೆ ಮತ್ತೆ 450 ಆಯಿತು.

ತುಮಕೂರು: ಎಲ್ಲರಿಗೂ ಧನ್ಯವಾದ. ರಿಲೇ ಸರಿಯಿದೆ, ಸದ್ದು ಕ್ಷೀಣವಾಗಿ ಬರುತ್ತಿದೆ. ಕನೆಕ್ಟರ್ ನೋಡಲು ಹೋದರೆ ಮುಚ್ಚಳದ ಒಂದು ಸ್ಕ್ರೂ ತುಕ್ಕು ಹಿಡಿದು ತಲೆ ಸವೆದಿದೆ. ಪಕ್ಕದ ವೆಲ್ಡಿಂಗ್ ಶಾಪಿನವರು ಗ್ರೈಂಡರ್ ಹಿಡಿದು ತಲೆ ಹಾರಿಸಿಕೊಡುತ್ತೇನೆ ಎನ್ನುತ್ತಿದ್ದಾರೆ.

ಶಿವಮೊಗ್ಗ: ಗ್ರೈಂಡರ್ ಖಂಡಿತ ಬೇಡ, ಡ್ರಿಲ್ಲಿಂಗ್ ಮಷೀನೂ ಬೇಡ, ಕೆಳಗಿರುವುದು ಪೆಟ್ರೋಲ್ ಟ್ಯಾಂಕ್. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ವೈಸ್ ಗ್ರಿಪ್ ಇಕ್ಕಳದಲ್ಲಿ ತಲೆಯನ್ನು ಅಂಚಿನಿಂದ ಬಿಗಿಯಾಗಿ ಕಚ್ಚಿಸಿ, ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿ. ಬರದಿದ್ದರೆ ಉಳಿದ ಸ್ಕ್ರೂಗಳನ್ನು ತೆಗೆದು ಮುಚ್ಚಳವನ್ನೇ ಆ ಒಂದರ ಸುತ್ತ ಪಕ್ಕಕ್ಕೆ ಸರಿಸಿ. ಕನೆಕ್ಟರ್ ಕೈಗೆ ಸಿಗುತ್ತದೆ.