ಪದಚರ್ಚೆ: ಕೂಸಿನ ‘ಫಿಜೆಟಿ’ ಚಲನೆಗೆ ಕನ್ನಡದಲ್ಲಿ ಏನಂತೀರಿ?

ಬಲ್ಲವರಿಗೆ ನಮಸ್ಕಾರ.

ಮಂಡ್ಯದಲ್ಲಿ ಮಕ್ಕಳಿಗೆ ಫಿಸಿಯೋಥೆರಪಿ ಮಾಡುವ ಗೆಳತಿಯೊಬ್ಬಳಿದ್ದಾಳೆ. ತಾಯಂದಿರ ಕೈಗೆ ಕೊಡಲು ಒಂದು ಪುಟದ ಕರಪತ್ರ ಬೇಕು ಎಂದಳು. ವಿಷಯ ಸೆರೆಬ್ರಲ್ ಪಾಲ್ಸಿ, ಅಂದರೆ ಬೆಳೆಯುವ ಮೆದುಳಿಗೆ ಪೆಟ್ಟಾಗಿ ಮೈಯ ಚಲನೆ, ನಿಲುವು ಹಿಡಿತಕ್ಕೆ ಬಾರದ ತೊಂದರೆ. ಅದನ್ನು ಎಳೆಗೂಸಿನಲ್ಲೇ ಗುರುತು ಹಿಡಿಯುವುದು. ಸುಲಭದ ಕೆಲಸ ಅಂದುಕೊಂಡು ಒಪ್ಪಿಕೊಂಡೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಪದ ‘ಫಿಜೆಟಿ ಮೂವ್‌ಮೆಂಟ್ಸ್’. ಹುಟ್ಟಿ ಸುಮಾರು 9 ವಾರ ಕಳೆದ ಮೇಲೆ ಕೂಸಿನ ಕತ್ತು, ಮೈ, ಕೈಕಾಲು ಎಲ್ಲದರಲ್ಲೂ ಸಣ್ಣಸಣ್ಣ ಚಲನೆ ಶುರುವಾಗುತ್ತದೆ. ಮಣಿಕಟ್ಟು ಒಂದಿಷ್ಟು ತಿರುಗುತ್ತದೆ, ಪಾದ ಒಂದಿಷ್ಟು ಹೊರಳುತ್ತದೆ, ಎಲ್ಲ ದಿಕ್ಕಿಗೂ. 20 ವಾರದ ಹೊತ್ತಿಗೆ ಮಗು ತಾನೇ ಕೈ ಚಾಚಿ ಹಿಡಿಯುವುದು, ಕಾಲೆತ್ತಿ ಆಡುವುದು ಜಾಸ್ತಿಯಾಗಿ ಇದು ಮರೆಯಾಗುತ್ತದೆ. ದಿನ ತುಂಬದ ಕೂಸಾದರೆ ಈ ವಾರಗಳನ್ನು ಹುಟ್ಟಿದ ದಿನದಿಂದ ಎಣಿಸುವಂತಿಲ್ಲ, ಡಾಕ್ಟರು ಕೊಟ್ಟಿದ್ದ ಹೆರಿಗೆ ತಾರೀಖಿನಿಂದ ಎಣಿಸಬೇಕು. ಕೂಸು ಎಚ್ಚರವಾಗಿ, ಅಳದೆ, ಅಂಗಾತ ಮಲಗಿರುವಾಗ ಮೂರ್ನಾಲ್ಕು ನಿಮಿಷ ವಿಡಿಯೋ ಮಾಡುತ್ತಾರೆ. ಗಿಲಕಿ ಆಡಿಸಬಾರದು, ಮಾತಾಡಿಸಬಾರದು. ತರಬೇತಿ ಆದವರು ಅದನ್ನು ನೋಡುತ್ತಾರೆ. ಹೀಗೆ ನೋಡುವುದನ್ನು ಕಲಿಸಿದವರು ಹೈಂಝ್ ಪ್ರೆಕ್ಟಲ್ ಎಂಬ ವೈದ್ಯವಿಜ್ಞಾನಿ. ಆ ಚಲನೆ ಕಾಣದೇ ಹೋದರೆ ಸೆರೆಬ್ರಲ್ ಪಾಲ್ಸಿಯ ಅನುಮಾನ ಬಲವಾಗುತ್ತದೆ. ಅದೊಂದರಿಂದಲೇ ತೀರ್ಮಾನ ಮಾಡುವುದಿಲ್ಲ, ನರಗಳ ಪರೀಕ್ಷೆ, ಎಂಆರ್‌ಐ ಎಲ್ಲ ಇರುತ್ತದೆ.

ನಾನು ಮೊದಲು ‘ಚಡಪಡಿಕೆ’ ಅಂತ ಹಾಕಿದ್ದೆ. ಯಾರಾದರೂ ಮೊದಲು ಹಾಕುವುದು ಅದನ್ನೇ ಅಲ್ವಾ? ‘ಚಡಪಡಿಕೆ ಕಾಣದಿದ್ದರೆ ಕೂಡಲೇ ತೋರಿಸಿ’ ಎಂಬ ಸಾಲನ್ನು ಗೆಳತಿ ಪಾಂಡವಪುರದ ಕಡೆಯ ಒಬ್ಬ ಅಜ್ಜಿಗೆ ಓದಿ ಹೇಳಿದಳಂತೆ. ತೊಡೆ ಮೇಲೆ ಮೊಮ್ಮಗುವಿತ್ತು. ಅಜ್ಜಿ ಕೇಳಿದರು: “ಮಗ ಚಡಪಡಿಸ್ದೆ ತಣ್ಣಗೆ ಮನಿಕಂಡಿದ್ರೆ ಒಳ್ಳೇದಲ್ವೇನವ್ವಾ? ಅದ್ಕೂ ಡಾಕ್ಟ್ರೇ?”

ಸರಿಯಾಗಿಯೇ ಕೇಳಿದರು. ಚಡಪಡಿಕೆ ಅಂದರೆ ನೆಮ್ಮದಿ ಇಲ್ಲದ್ದು. ಇಲ್ಲಿ ಅದು ಇದ್ದರೇ ನೆಮ್ಮದಿ! ಗೆಳತಿ ಫೋನಿನಲ್ಲಿ ಮೂರು ತಿಂಗಳ ಕೂಸಿನ ವಿಡಿಯೋ ತೋರಿಸಿದಳು. ಅಜ್ಜಿ ಫೋನನ್ನು ದೂರ ಹಿಡಿದು ನೋಡಿ, “ಇದಾ? ಇದು ಮಿಸುಕಾಡೋದು. ಬಸ್ರಿಲಿ ಹೊಟ್ಟೆ ಒಳ್ಗೆ ಮಿಸುಕಾಡಕಿಲ್ವಾ, ಅಂಗೇಯ” ಅಂದರು.

ನನಗೆ ಇದು ತುಂಬ ಹಿಡಿಸಿತು. ಕೂಸಿನ ಈ ಬಗೆಯ ಚಲನೆಗಳು ಶುರುವಾಗುವುದು ಹೊಟ್ಟೆಯೊಳಗೇ ಎಂದು ವೈದ್ಯರೂ ಹೇಳುತ್ತಾರೆ. ಇನ್ನೊಂದು ಸಂಗತಿ. ಮೊದಲ ಎರಡು ತಿಂಗಳ ಚಲನೆಗೆ ಇಂಗ್ಲಿಷಿನಲ್ಲಿ ‘ರೈದಿಂಗ್’ ಅನ್ನುತ್ತಾರೆ. ಅದಕ್ಕೆ ‘ಒದ್ದಾಟ’ ಅಂದರೆ ನೋವಿನ ಮಾತಾಗುತ್ತದೆ. ನಮ್ಮ ಬಾಣಂತಿ ಕೋಣೆಯಲ್ಲಿ ‘ಕೂಸು ಮೈ ಮುರೀತಿದೆ’ ಅನ್ನುತ್ತಾರಲ್ಲ, ಅದು ಸರಿಹೊಂದುತ್ತದೆ. ಮೊದಲು ಮೈಮುರಿತ, ಆಮೇಲೆ ಮಿಸುಕಾಟ.

ಆದರೆ ಒಂದು ತೊಡಕು. ‘ಮಿಸುಕಾಟ ಇಲ್ಲ’ ಅಂದರೆ ಕೂಸು ಅಲುಗಾಡುವುದೇ ಇಲ್ಲ ಅನ್ನುವ ಅರ್ಥ ಬರುತ್ತದೆ. ತೊಂದರೆ ಇರುವ ಕೂಸೂ ಕಾಲು ಬಡಿಯುತ್ತದೆ, ಕೈ ಎತ್ತುತ್ತದೆ. ಆ ನವಿರಾದ ಚಲನೆ ಮಾತ್ರ ಇರುವುದಿಲ್ಲ. ‘ನಮ್ಮದು ಚೆನ್ನಾಗಿ ಒದೀತದಲ್ಲ’ ಅಂತ ತಾಯಿ ಕರಪತ್ರ ಮಡಿಸಿ ಇಟ್ಟರೆ ಮುಗಿಯಿತು. ‘ಕಿರುಮಿಸುಕು’ ಅನ್ನೋಣವೇ? ಸುಮ್ನೆ ಕಟ್ಟಿದ ಪದದ ಹಾಗೆ ಕೇಳುತ್ತದೆ. ತುಂಬಿದ ಬಿಂದಿಗೆಯ ನೀರಿನ ಹಾಗೆ ‘ತುಳುಕಾಟ’ ಎಂದೂ ಯೋಚಿಸಿದೆ. ಗೆಳತಿ ನಕ್ಕಳು.

ಇಷ್ಟು ಹಟ ಯಾಕೆಂದರೆ, ಮಾತು ಬರಲಿಲ್ಲ, ನಡೆಯಲಿಲ್ಲ ಅಂತ ಎರಡು ವರ್ಷಕ್ಕೆ ಮೈಸೂರಿಗೆ ಎತ್ತಿಕೊಂಡು ಓಡುವವರನ್ನು ಕಂಡಿದ್ದೇನೆ. 6 ತಿಂಗಳೊಳಗೇ ಗುರುತಿಸಬಹುದು ಎಂದು 2017ರಲ್ಲೇ ಪರಿಣತರು ಬರೆದಿದ್ದಾರೆ. ವರ್ಷ ತುಂಬುವ ಮೊದಲೇ ಒಂದೇ ಕೈಯಲ್ಲಿ ಎಲ್ಲ ಹಿಡಿಯುವ ಮಗುವನ್ನು ‘ಎಡಚ ಆಗ್ತಾನೆ ಬಿಡು’ ಎಂದು ನಗುತ್ತೇವೆ. ಅದೂ ತೋರಿಸಬೇಕಾದ ಗುರುತೇ. ಬೇಗ ಗೊತ್ತಾದರೆ ಚುರುಕಾದ ಕೈಗೆ ದಿನಕ್ಕಿಷ್ಟು ಹೊತ್ತು ಚೀಲ ತೊಡಿಸಿ, ಇನ್ನೊಂದು ಕೈಯಲ್ಲಿ ಆಟ ಆಡಿಸಬಹುದು. ಇದಕ್ಕೆಲ್ಲ ಸೇರಿ ಕಡತಗಳಲ್ಲಿ ‘ಆರಂಭಿಕ ಮಧ್ಯಪ್ರವೇಶ’ ಅನ್ನುತ್ತಾರೆ. ಅತ್ತೆ ಸೊಸೆ ಜಗಳಕ್ಕೆ ಪಂಚಾಯ್ತಿಯವರು ಬಂದ ಹಾಗಿದೆ. ನಾನು ‘ಬೇಗ ಆರೈಕೆ’ ಅಂತ ಬರೆದೆ.

ಕಾಯಿಲೆಯ ಹೆಸರನ್ನು ಸೆರೆಬ್ರಲ್ ಪಾಲ್ಸಿ ಅಂತಲೇ ಬಿಟ್ಟಿದ್ದೇನೆ. ‘ಮೆದುಳಿನ ಪಾರ್ಶ್ವವಾಯು’ ಅಂದರೆ ಎಲ್ಲರಿಗೂ ತಾತನಿಗೆ ಹೊಡೆದ ಲಕ್ವವೇ ನೆನಪಾಗುತ್ತದೆ.

ಮಿಸುಕಾಟಕ್ಕಿಂತ ಸಣ್ಣದನ್ನು ಹೇಳುವ, ಕೆಟ್ಟ ನೆರಳಿಲ್ಲದ ಮಾತು ನಿಮ್ಮ ಕಡೆ ಇದೆಯೇ? ಮನೆಯಲ್ಲಿ ಬಾಣಂತನ ಮಾಡಿದ ಅಜ್ಜಿಯರಿದ್ದರೆ ಅವರನ್ನೇ ಕೇಳಿ. ವಿಡಿಯೋ ತೋರಿಸದೆ ಕೇಳಬೇಡಿ, ನನ್ನ ಹಾಗೆ ಚಡಪಡಿಕೆಗೇ ಬಂದು ನಿಲ್ಲುತ್ತೀರಿ.